ತಡವಾಗಿ ಏಳುತ್ತಿದ್ದ ಸೂರ್ಯ

ತ್ಯಾಗರಾಜನಗರದ ನಮ್ಮ ಮನೆಯ ಲ್ಯಾಂಡ್‌ಲೈನ್ ಫೋನು ತಿಂಗಳಿಗೆ ಎರಡು ದಿನ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಎರಡೂ ಏಕಾದಶಿಯ ಹಿಂದಿನ ದಿನಗಳು. "ಅಮ್ಮಾ, ಏಕಾದಶಿ ನಾಳೆಯೋ ನಾಡಿದ್ದೋ? ಗೋಡೆ ಮೇಲೆ ಎರಡು ಕ್ಯಾಲೆಂಡರಿದೆ, ಎರಡರಲ್ಲೂ ಬೇರೆ ಬೇರೆ ಹಾಕಿದಾರೆ" ಎಂದು ಅಕ್ಕಪಕ್ಕದ ಬೀದಿಯ ಹೆಂಗಸರು ನಮ್ಮ ಅತ್ತೆಯನ್ನು ಕೇಳುತ್ತಿದ್ದರು. ಅತ್ತೆ ಕನ್ನಡಕ ಏರಿಸಿ, ಪಂಚಾಂಗದ ಹಾಳೆ ತಿರುವಿ, ತೀರ್ಪು ಕೊಡುತ್ತಿದ್ದರು. ನಲವತ್ತು ವರ್ಷದಲ್ಲಿ ಅವರ ತೀರ್ಪು ಒಂದು ಸಲವೂ ತಪ್ಪಿರಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ. ಅವರೇ ಹೇಳುತ್ತಿದ್ದರು, ವಾರಕ್ಕೆ ಮೂರು ಸಲ.

ನಮ್ಮ ಮನೆಯಲ್ಲಿ ತಪ್ಪು ಮಾಡುತ್ತಿದ್ದವಳು ನಾನೊಬ್ಬಳೇ. ಸಾರಿಗೆ ಉಪ್ಪು ಮುಂದು. ರಂಗೋಲಿಯ ಎಳೆ ಸೊಟ್ಟ. ಡಿಕಾಕ್ಷನ್ ನೀರು. ಒಗೆದ ಪಂಚೆಯನ್ನು ನಾನು ಮಡಿಸಿಟ್ಟರೆ ಅವರು ಬಿಚ್ಚಿ ಮತ್ತೆ ಮಡಿಸುವರು. ನಾನೇನು ಬಾಯಿ ಮುಚ್ಚಿಕೊಂಡಿರುವ ಪೈಕಿಯೇ? ಒಂದಕ್ಕೆ ಎರಡು ಉತ್ತರ ಕೊಡುತ್ತಿದ್ದೆ. ನನ್ನ ಗಂಡ ಪೇಪರಿನ ಹಿಂದೆ ಅಡಗಿಕೊಂಡು ಮೂವತ್ತು ವರ್ಷ ಕಳೆದರು. ಒಂದೇ ಪುಟವನ್ನು ಅರ್ಧ ಗಂಟೆ ಓದುವ ಅವರ ಅಭ್ಯಾಸಕ್ಕೆ ನಾವಿಬ್ಬರೇ ಕಾರಣ.

ಎಂಬತ್ತೆರಡು ತುಂಬಿದ ವರ್ಷ ಅತ್ತೆಯ ಕಣ್ಣಿನ ನಡುಭಾಗ ಮಸುಕಾಯಿತು. ಮನೆಯೊಳಗೆ ಓಡಾಡಲು ತೊಂದರೆಯಿರಲಿಲ್ಲ, ಆದರೆ ಪಂಚಾಂಗದ ಇರುವೆಯಂಥ ಅಕ್ಷರಗಳು ಹೋಗಿಬಿಟ್ಟವು. ಮೊದಮೊದಲು ನಾನು ಓದಿ ಹೇಳುತ್ತಿದ್ದೆ. "ಒಂದ್ನಿಮಿಷ ಇರಿ, ಸೊಸೇನ ಕೇಳಿ ಹೇಳ್ತೀನಿ" ಎಂದು ಫೋನಿನಲ್ಲಿ ಹೇಳುವಾಗ ಅವರ ಧ್ವನಿ ಸಣ್ಣಗಾಗುತ್ತಿತ್ತು. ಆಮೇಲೆ ಫೋನು ಬಡಿದುಕೊಂಡರೂ ಎತ್ತುತ್ತಿರಲಿಲ್ಲ. "ಬೇರೆ ಯಾರನ್ನಾದ್ರೂ ಕೇಳ್ಕೊಳ್ಲಿ ಬಿಡು" ಎನ್ನುವರು. ನಾಲ್ಕೈದು ತಿಂಗಳಲ್ಲಿ ಫೋನು ಬರುವುದೇ ನಿಂತಿತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಒಂದು ದಿನ ನಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅತ್ತೆ ಒಂದು ಮಾತೂ ಆಡದೆ ಉಂಡು, ಕೈ ತೊಳೆದುಕೊಂಡು, ಹೋಗಿ ಮಲಗಿದರು. ಅಯ್ಯೋ ದೇವರೇ, ಆವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು.

ನಾನು ಕೆಲಸ ಮಾಡಿದ್ದು ಒಂದು ಸರ್ಕಾರಿ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ. ರಿಟೈರಾದ ಮೇಲೆ ಭಾನುವಾರಗಳಂದು ಜಯನಗರದಲ್ಲಿ ಒಂದು ಟ್ಯೂಷನ್ ಸೆಂಟರಿನ ಮಹಡಿಗೆ ಹೋಗುತ್ತಿದ್ದೆ. ಅಲ್ಲಿ ಸೇರುವವರು ಪುಕ್ಕಟೆ ಸಾಫ್ಟ್‌ವೇರ್ ಬರೆಯುವ ಹುಚ್ಚರು. ಅವರು ಬರೆದದ್ದನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಹದಿನೈದು ಇಪ್ಪತ್ತು ಜನರ ನಡುವೆ ನರೆಗೂದಲಿನವಳು ನಾನೊಬ್ಬಳೇ. ಎಲ್ಲರೂ ನನ್ನನ್ನು ಆಂಟಿ ಎನ್ನುತ್ತಿದ್ದರು. ಮೂವತ್ತು ವರ್ಷ ಕೋಡ್ ಬರೆದವಳನ್ನು ಆಂಟಿ ಎಂದರೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಪ್ರತಿ ಭಾನುವಾರ ಹತ್ತಕ್ಕೆ ಸರಿಯಾಗಿ ಹಾಜರಾಗುತ್ತಿದ್ದೆ, ಅಷ್ಟು ಖುಷಿಯಿತ್ತು ಅಲ್ಲಿ.

ಗುಂಪನ್ನು ನಡೆಸುತ್ತಿದ್ದವಳು ತಿಲಕ್ ನಗರದ ಒಬ್ಬ ಹುಡುಗಿ. ಮೂವತ್ತರ ಆಸುಪಾಸು, ವಾರವೆಲ್ಲ ಬಿಟಿಎಂ ಲೇಔಟಿನಲ್ಲಿ ಆಫೀಸು. ಸ್ಕೂಟರಿನಲ್ಲಿ ಬಂದವಳು ಹೆಲ್ಮೆಟ್ ತೆಗೆಯುವುದನ್ನೂ ಮರೆತು ಕೋಡ್ ಬರೆಯುತ್ತ ಕೂತುಬಿಡುತ್ತಿದ್ದಳು. ಅತ್ತೆಯ ವಿಷಯವನ್ನು ನಾನು ಹೇಳಿಕೊಂಡದ್ದು ಅವಳ ಹತ್ತಿರವೇ. ಮೊಬೈಲಿನಲ್ಲಿ ಪಂಚಾಂಗದ ಆಪ್‌ಗಳು ಬೇಕಾದಷ್ಟಿವೆ. ಒಂದನ್ನು ಅತ್ತೆಗೆ ಹಾಕಿಕೊಟ್ಟೂ ನೋಡಿದ್ದೆ. ತಿಥಿ ಕೇಳಿದರೆ ಮೊದಲು ಮಂಡಿನೋವಿನ ಎಣ್ಣೆಯ ಜಾಹೀರಾತು ಬರುತ್ತಿತ್ತು.

"ನಾವೇ ಮಾಡೋಣ ಆಂಟಿ" ಎಂದಳು ಹುಡುಗಿ. "ಒಂದೇ ದೊಡ್ಡ ಬಟನ್. ಒತ್ತಿದ್ರೆ ಕನ್ನಡದಲ್ಲಿ ಜೋರಾಗಿ ಹೇಳ್ಬೇಕು. ಇವತ್ತಿನ ತಿಥಿ, ನಾಳೆ ತಿಥಿ, ಸೂರ್ಯೋದಯ. ಅಷ್ಟೇ."

ಸೆಪ್ಟೆಂಬರ್ ಕೊನೆಯ ವಾರದಲ್ಲಿ ಶನಿವಾರ, ಭಾನುವಾರ ಎರಡು ದಿನ ಎಲ್ಲರೂ ಒಟ್ಟಿಗೆ ಕೂತು ಬರೆಯುವುದೆಂದಾಯಿತು. ಪಿತೃಪಕ್ಷ ನಡೆಯುತ್ತಿತ್ತು. ಮದುವೆ ಮುಂಜಿಗಳಿಲ್ಲದೆ ಬನಶಂಕರಿಯ ಒಂದು ಛತ್ರ ಖಾಲಿ ಬಿದ್ದಿತ್ತು, ಯಾರದೋ ಸೋದರಮಾವ ಬೀಗದ ಕೈ ಕೊಟ್ಟರು. ಎಲೆ ಹಾಕುವ ಉದ್ದನೆಯ ಟೇಬಲ್ಲುಗಳ ಮೇಲೆ ಸಾಲಾಗಿ ಲ್ಯಾಪ್‌ಟಾಪುಗಳು. ಮಧ್ಯಾಹ್ನ ಅದೇ ಟೇಬಲ್ಲಿನ ಮೇಲೆ ಚಿತ್ರಾನ್ನ, ಮೊಸರನ್ನ. ಒಬ್ಬ ಕೀಬೋರ್ಡಿನ ಮೇಲೆ ಒಗ್ಗರಣೆಯ ಕಡಲೆಕಾಯಿ ಬೀಳಿಸಿಕೊಂಡು, ತಲೆಕೆಳಗು ಮಾಡಿ ಕುಟ್ಟುತ್ತಿದ್ದ. ನನ್ನ ಮದುವೆಯಲ್ಲೂ ನಾನು ಅಷ್ಟು ಸಂತೋಷವಾಗಿರಲಿಲ್ಲ ಎಂದರೆ ನನ್ನ ಗಂಡ ಬೇಜಾರು ಮಾಡಿಕೊಳ್ಳಬಾರದು.

ಸೂರ್ಯ ಹುಟ್ಟುವ ಹೊತ್ತಿಗೆ ಯಾವ ತಿಥಿ ಇರುತ್ತದೋ ಆ ದಿನವೆಲ್ಲ ಅದೇ ತಿಥಿ, ಇದು ನಮ್ಮ ಅತ್ತೆಯ ಲೆಕ್ಕ. ಹಾಗಾಗಿ ಊರು ಭೂಮಿಯ ಮೇಲೆ ಎಲ್ಲಿದೆ ಎನ್ನುವುದನ್ನು ಪ್ರೋಗ್ರಾಮಿಗೆ ಹೇಳಬೇಕು. ಅಕ್ಷಾಂಶ ಒಂದು ನಂಬರು, ರೇಖಾಂಶ ಒಂದು ನಂಬರು. ಆ ಎರಡು ನಂಬರನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಈ ಗುಂಪಿನಲ್ಲಿ ಒಂದು ಪದ್ಧತಿ. ಯಾರು ಏನೇ ಬರೆಯಲಿ, ಇನ್ನೊಬ್ಬರು ಅದನ್ನು ಸಾಲು ಸಾಲಾಗಿ ನೋಡಿ ಒಪ್ಪಿದ ಮೇಲೆಯೇ ಅದು ಒಳಗೆ ಸೇರುವುದು. ನನ್ನ ಸಾಲನ್ನು ನೋಡಬೇಕಾದವಳು ಆ ಹುಡುಗಿ. ಭಾನುವಾರ ಸಂಜೆ, ಹೊರಡುವ ಗಡಿಬಿಡಿ. ಅವಳು ನಿಧಾನವಾಗಿ ಬಗ್ಗಿ ನೋಡಲು ಹೊರಟಳು. ನನಗೆ ರೇಗಿಹೋಯಿತು.

"ಎರಡು ನಂಬರು ಕಣೇ! ಅದರಲ್ಲೇನು ನೋಡೋದು? ನೀನು ಹುಟ್ಟೋಕೆ ಮುಂಚೆಯಿಂದ ಕೋಡ್ ಬರೀತಿದೀನಿ ನಾನು."

"ಸರಿ ಆಂಟಿ, ಸರಿ" ಎಂದು ಪಾಪ ಒಪ್ಪಿಗೆ ಒತ್ತಿಬಿಟ್ಟಳು.

ಬಟನ್ ಒತ್ತಿದೆವು. ಸೂರ್ಯೋದಯ ಆರು ಗಂಟೆ ಹತ್ತು ನಿಮಿಷ ಎಂದಿತು ಫೋನು. ಪೇಪರಿನಲ್ಲಿ ಆರು ಗಂಟೆ ಒಂಬತ್ತು ನಿಮಿಷ ಎಂದಿತ್ತು. ಒಂದು ನಿಮಿಷ ಯಾವ ಲೆಕ್ಕ? ಛತ್ರವೇ ಹಾರಿಹೋಗುವ ಹಾಗೆ ಚಪ್ಪಾಳೆ ತಟ್ಟಿದೆವು.

ಮನೆಗೆ ಬಂದು ಅತ್ತೆಯ ಕೈಗೆ ಫೋನು ಕೊಟ್ಟೆ. ಹೆಬ್ಬೆರಳಿನಿಂದ ಒತ್ತಿದರು, ಕೇಳಿದರು, ಇನ್ನೊಂದು ಸಲ ಒತ್ತಿದರು. ಮಾರನೆಯ ದಿನ ನಾನು ಸ್ನಾನ ಮುಗಿಸಿ ಬಂದರೆ ಅವರೇ ಲ್ಯಾಂಡ್‌ಲೈನಿನ ಮುಂದೆ ಕೂತು ಎರಡನೇ ಕ್ರಾಸಿನವರಿಗೆ ಫೋನು ಮಾಡಿ, "ಏನಿಲ್ಲ, ಸುಮ್ನೆ ಮಾಡ್ದೆ. ತಿಥಿ ಗಿಥಿ ಏನಾದ್ರೂ ಬೇಕಿದ್ರೆ ಕೇಳಿ" ಎನ್ನುತ್ತಿದ್ದರು. ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಕುಣಿಯುವಂತಾಯಿತು.

ಆವತ್ತಿನಿಂದಲೇ ಅತ್ತೆಯ ಹಳೆಯ ವರಸೆಯೂ ಶುರುವಾಯಿತು.

"ಏನೇ, ನಿನ್ನೆ ಸೂರ್ಯೋದಯ ಆರೂ ಹತ್ತು ಅಂತು. ಇವತ್ತು ಆರೂ ಹದಿನೆಂಟು ಅಂತಿದೆ."

"ಹೆಚ್ಚು ಕಡಿಮೆ ಇರತ್ತೆ ಅತ್ತೆ."

ಮಂಗಳವಾರ: "ಆರೂ ಇಪ್ಪತ್ತೈದು ಅಂತೆ. ನಿಮ್ಮ ಸೂರ್ಯ ದಿನಾ ತಡವಾಗಿ ಏಳ್ತಾನಲ್ಲೇ."

"ಚಳಿಗಾಲ ಬರ್ತಿದೆಯಲ್ಲ ಅತ್ತೆ."

ಬುಧವಾರ: "ನಾನು ತುಳಸಿಗೆ ನೀರು ಹಾಕಿ ಬಂದೆ, ಎದುರುಮನೆ ಟ್ಯಾಂಕಿನ ಮೇಲೆ ಬಿಸಿಲು ಬಿದ್ದಿದೆ. ನಿಮ್ಮೋನು ಇನ್ನೂ ಎದ್ದೇ ಇಲ್ಲ."

"ಅತ್ತೇ, ಇದರಲ್ಲೂ ತಪ್ಪು ಹುಡುಕಬೇಕಾ? ಇಪ್ಪತ್ತು ಜನ ಎರಡು ದಿನ ಕೂತು ಮಾಡಿರೋದು!" ಎಂದು ರೇಗಿದೆ. ಮೂವತ್ತು ವರ್ಷದ ಅಭ್ಯಾಸ. ಅವರು ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದನ್ನು ನಾನು ಅಷ್ಟು ಚೆನ್ನಾಗಿ ಕಲಿತಿದ್ದೆ. ಅತ್ತೆ ಬಾಯಿ ಬಿಗಿದುಕೊಂಡರು, ಆದರೆ ದಿನಾ ಬೆಳಿಗ್ಗೆ ಒತ್ತಿ ಕೇಳುವುದನ್ನು ಬಿಡಲಿಲ್ಲ.

ಮುಂದಿನ ಸೋಮವಾರ ಲ್ಯಾಂಡ್‌ಲೈನು ಐದು ಸಲ ಬಡಿದುಕೊಂಡಿತು. ಅತ್ತೆ ಬಟನ್ ಒತ್ತಿ ಕೇಳಿ, ಗಂಟಲು ಸರಿಮಾಡಿಕೊಂಡು, ಐದು ಮನೆಗೂ ತೀರ್ಪು ಕೊಟ್ಟರು. ಏಕಾದಶಿ ನಾಳೆ. ಮಂಗಳವಾರ ಅವರೂ ಐದು ಮನೆಯವರೂ ಉಪವಾಸ ಮಾಡಿದರು. ಬುಧವಾರ ಬೆಳಿಗ್ಗೆ ಬೇಗನೆ ದ್ವಾದಶಿಯ ಅಡುಗೆ ಮಾಡಿದ್ದೆ. ದೊಡ್ಡಪತ್ರೆ ತಂಬುಳಿ, ಹೆಸರುಬೇಳೆ ತೊವ್ವೆ. ಅತ್ತೆ ಉಂಡು ಕೈ ತೊಳೆಯುವ ಹೊತ್ತಿಗೆ ಫೋನು ಬಂತು. ಎರಡನೇ ಕ್ರಾಸಿನವರು. ಅವರ ಧ್ವನಿ ಅಡುಗೆಮನೆಯವರೆಗೂ ಕೇಳುತ್ತಿತ್ತು.

"ಅಮ್ಮಾ, ಮಠದಲ್ಲಿ ಇವತ್ತು ಏಕಾದಶಿ ಅಂತಿದಾರೆ! ನಾವೆಲ್ಲ ಊಟ ಮಾಡಿಬಿಟ್ವಲ್ಲ!"

ನಾನು ಪಂಚಾಂಗ ಎಳೆದು ನೋಡಿದೆ. ಏಕಾದಶಿ ಬುಧವಾರವೇ. ಆ ಕಡೆ ಅತ್ತೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ನನ್ನ ಕಣ್ಣು ಕಣ್ರೀ" ಎಂದರು. "ಕೈ ಕೊಡ್ತು. ತಪ್ಪು ನಂದೇ."

ಇಟ್ಟರು. ಆಮೇಲೆ ಅವರೇ ಉಳಿದ ನಾಲ್ಕು ಮನೆಗೆ ಒಂದೊಂದಾಗಿ ಫೋನು ಮಾಡಿ ಅದೇ ಮಾತು ಹೇಳಿದರು. ಸೊಸೆ, ಮೊಬೈಲು, ಛತ್ರ, ಒಂದರ ಸುದ್ದಿಯೂ ಎತ್ತಲಿಲ್ಲ. ನಲವತ್ತು ವರ್ಷದ ಹೆಸರು ಅರ್ಧ ಗಂಟೆಯಲ್ಲಿ ಹೋಯಿತು. ಆವತ್ತು ಅತ್ತೆ ಮತ್ತೆ ಊಟ ತಿಂಡಿ ಏನನ್ನೂ ಮುಟ್ಟಲಿಲ್ಲ. ನನ್ನನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಬೈಯಲೂ ಇಲ್ಲ.

ನನಗೆ ಹೊಟ್ಟೆಯಲ್ಲಿ ಸಂಕಟವಾದರೆ ಬಾಯಲ್ಲಿ ಬರುವುದು ಸಿಟ್ಟು. ತಿಲಕ್ ನಗರದ ಹುಡುಗಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿ ಕೂಗಾಡಿದೆ. ನಿಮ್ಮ ಗ್ರಹಗತಿಯ ಲೆಕ್ಕ ತಪ್ಪು, ನಿಮಗೆ ಜವಾಬ್ದಾರಿಯಿಲ್ಲ, ಇನ್ನೂ ಏನೇನೋ. ಅವಳು ಪೂರ್ತಿ ಕೇಳಿಸಿಕೊಂಡು, "ಆಂಟಿ, ಇದಕ್ಕೆ ಮೊದ್ಲು ಏನಾದ್ರೂ ವಿಚಿತ್ರ ಅನ್ನಿಸಿತ್ತಾ? ಸಣ್ಣದಾದ್ರೂ ಪರವಾಗಿಲ್ಲ" ಎಂದಳು.

"ಏನೂ ಇಲ್ಲ" ಎಂದೆ ನಾನು.

"ನಾನು ದಿನಾ ಬಡ್ಕೊಂಡೆ" ಎಂದರು ಮೂಲೆಯಿಂದ ಅತ್ತೆ.

"ಅದ್ಯಾರು ಮಾತಾಡಿದ್ದು?" ಎಂದಳು ಹುಡುಗಿ. "ಭಾನುವಾರ ಅವರನ್ನ ಕರ್ಕೊಂಡ್ ಬನ್ನಿ. ಪ್ಲೀಸ್."

ಅತ್ತೆ ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ. ಭಾನುವಾರ ಒಂಬತ್ತಕ್ಕೇ ಮದುವೆಗೆ ಹೊರಟವರಂತೆ ಜರಿಯಂಚಿನ ಸೀರೆ ಉಟ್ಟು ಚಪ್ಪಲಿ ಮೆಟ್ಟಿ ನಿಂತಿದ್ದರು. ಮಹಡಿಯ ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದುಕೊಂಡು, "ಮೆಟ್ಟಿಲು ಎತ್ತರ ಜಾಸ್ತಿ ಆಯ್ತು" ಎಂದರು. ಅದೂ ಒಂದು ತಪ್ಪು ಸಿಕ್ಕಿತು.

ಹುಡುಗಿ ಅವರನ್ನು ಫ್ಯಾನಿನ ಕೆಳಗೆ ಕೂರಿಸಿ ಎದುರಿಗೆ ನೆಲದ ಮೇಲೆ ಕೂತಳು. "ಅಜ್ಜಿ, ಸೂರ್ಯೋದಯ ದಿನಾ ಎಷ್ಟೆಷ್ಟು ಹೇಳ್ತು, ನೆನಪಿದೆಯಾ?"

ಯಾಕೆ ನೆನಪಿರುವುದಿಲ್ಲ? ಓದಲಾಗದವರು ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳಬೇಕು. ಅತ್ತೆ ಕಣ್ಣು ಮುಚ್ಚಿಕೊಂಡು ಮಗ್ಗಿ ಒಪ್ಪಿಸಿದಂತೆ ಹೇಳಿದರು. ಆರೂ ಹತ್ತು, ಆರೂ ಹದಿನೆಂಟು, ಆರೂ ಇಪ್ಪತ್ತೈದು, ಆರೂ ಮೂವತ್ಮೂರು, ಹೀಗೇ ಏಕಾದಶಿಯ ದಿನದ ಏಳೂ ಕಾಲಿನವರೆಗೂ. "ದಿನಕ್ಕೆ ಏಳೆಂಟು ನಿಮಿಷ ಹಿಂದೆ ಬೀಳ್ತಿದಾನೆ" ಎಂದು ಮುಗಿಸಿದರು.

ಹುಡುಗಿ ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ಥಟ್ಟನೆ ನಿಲ್ಲಿಸಿದಳು. "ದಿನಕ್ಕೆ ಎಂಟು ನಿಮಿಷ ಬೆಂಗಳೂರಲ್ಲಿ ಆಗಲ್ಲ. ಇಷ್ಟು ಬೇಗ ಬದಲಾಗೋ ಸೂರ್ಯ ಧ್ರುವದ ಹತ್ರ ಮಾತ್ರ ಇರ್ತಾನೆ" ಎಂದು, ಪ್ರೋಗ್ರಾಮಿನಲ್ಲಿದ್ದ ಎರಡು ನಂಬರನ್ನು ತೆಗೆದು ಮ್ಯಾಪಿನಲ್ಲಿ ಹಾಕಿದಳು. ಗೋಡೆಯ ಮೇಲಿನ ಪರದೆಯಲ್ಲಿ ಕೆಂಪು ಚುಕ್ಕೆಯೊಂದು ಮೂಡಿತು. ಸುತ್ತ ಬರೀ ನೀಲಿ. ಅದು ಉತ್ತರ ಧ್ರುವದ ಕಡೆಯ ಸಮುದ್ರ.

ಅಕ್ಷಾಂಶದ ಜಾಗದಲ್ಲಿ ರೇಖಾಂಶ, ರೇಖಾಂಶದ ಜಾಗದಲ್ಲಿ ಅಕ್ಷಾಂಶ. ಬೆಂಗಳೂರು ಪೂರ್ತಿಯಾಗಿ ಹೋಗಿ ಹಿಮದ ನೀರಿನಲ್ಲಿ ಬಿದ್ದಿತ್ತು. ಪ್ರೋಗ್ರಾಂ ಆ ಜಾಗದ ಗಡಿಯಾರವನ್ನೇ ಹಿಡಿದುಕೊಂಡು ಸಮಯ ಹೇಳುತ್ತಿತ್ತು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಭೂಮಿಯ ಮೇಲೆ ಎಲ್ಲಿ ನಿಂತರೂ ಸೂರ್ಯ ಹೆಚ್ಚುಕಡಿಮೆ ಆರಕ್ಕೇ ಏಳುತ್ತಾನೆ. ಹಾಗಾಗಿ ಛತ್ರದಲ್ಲಿ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಆದರೆ ನಮ್ಮಲ್ಲಿ ಸೂರ್ಯ ಹುಟ್ಟಿ ಐದಾರು ಗಂಟೆಯಾದ ಮೇಲೆ ಅಲ್ಲಿ ಹುಟ್ಟುವುದು, ಮಂಗಳವಾರ ಅಷ್ಟರಲ್ಲಿ ದಶಮಿ ಮುಗಿದು ಏಕಾದಶಿ ಬಂದುಬಿಟ್ಟಿತ್ತು.

ಯಾವ ಸಾಲನ್ನು ಯಾರು ಬರೆದರು ಎನ್ನುವುದು ಇಂಥ ಕೆಲಸದಲ್ಲಿ ಅಳಿಸದೆ ಉಳಿದಿರುತ್ತದೆ. ಹುಡುಗಿ ಪರದೆಯನ್ನು ಮುಚ್ಚಲು ಹೋದಳು. ನನ್ನ ಮರ್ಯಾದೆ ಉಳಿಸಲು, ಪಾಪ. ಆದರೆ ಅಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು. ಆ ಸಾಲಿನ ಪಕ್ಕದಲ್ಲಿ ನನ್ನ ಹೆಸರಿತ್ತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಂಬರು ತಿರುವುಮುರುವು ಬರೆದವಳು ನಾನು. ನೋಡಲು ಬಂದವಳನ್ನು ಗದರಿಸಿದವಳು ನಾನು. ದಿನಾ ಹೇಳಿದವರ ಮಾತನ್ನು ಕಿವಿಗೆ ಹಾಕಿಕೊಳ್ಳದವಳು ನಾನು.

"ಅತ್ತೆ" ಎಂದೆ, "ತಪ್ಪು ಮಾಡಿದ್ದು ನಾನೇ. ಊರನ್ನ ತಗೊಂಡ್ ಹೋಗಿ ಉತ್ತರ ಧ್ರುವದ ಹತ್ರ ಸಮುದ್ರಕ್ಕೆ ಹಾಕಿದೀನಿ."

ಅತ್ತೆ ಒಂದು ಕ್ಷಣ ನನ್ನ ಕಡೆಗೇ ಮುಖ ಮಾಡಿದ್ದರು. ಆಮೇಲೆ ಸೆರಗು ಬಾಯಿಗೆ ಹೋಯಿತು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೇನೋ ಎಂದು ಹತ್ತಿರ ಹೋದರೆ, ನಗುತ್ತಿದ್ದಾರೆ! ಒಂದು ವರ್ಷದಿಂದ ಕಾಣದಿದ್ದ ನಗು. "ಉಪ್ಪು ಜಾಸ್ತಿ ಹಾಕ್ತಾಳೆ ಅಂತಿದ್ದೆ. ಈಗ ನೋಡಿದ್ರೆ ಊರನ್ನೇ ಉಪ್ಪುನೀರಿಗೆ ಹಾಕಿದಾಳೆ!" ಇಡೀ ಮಹಡಿ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

"ಅಲ್ಲಿ ಇನ್ನು ಮೂರು ವಾರ ಆದ್ರೆ ಸೂರ್ಯ ಹುಟ್ಟೋದೇ ಇಲ್ಲ ಅಜ್ಜಿ, ಫೆಬ್ರವರಿವರೆಗೂ" ಎಂದಳು ಹುಡುಗಿ.

"ಹಾಗಾದ್ರೆ ಅಲ್ಲಿಯೋರು ಏಕಾದಶಿಗೆ ಏನ್ಮಾಡ್ತಾರೆ?"

"ಅಲ್ಲಿ ಮೀನು ಬಿಟ್ಟು ಯಾರೂ ಇಲ್ಲ ಅಜ್ಜಿ."

"ಸದ್ಯ" ಎಂದರು ಅತ್ತೆ.

ಎರಡು ನಂಬರನ್ನು ಅದಲುಬದಲು ಮಾಡಿದೆ. ಈ ಸಲ ಹುಡುಗಿ ಒಂದೊಂದು ಅಂಕಿಯನ್ನೂ ಬೆರಳಿಟ್ಟು ನೋಡಿದಳು, ನಾನು ಕೈಕಟ್ಟಿ ನಿಂತಿದ್ದೆ. ತಪ್ಪು ತಿದ್ದಿದಾಗ ಅದನ್ನು ಹುಡುಕಿದವರು ಯಾರು ಎಂದು ಬರೆಯುವುದೂ ಅಲ್ಲಿನ ಪದ್ಧತಿ. "ಏನಂತ ಹಾಕ್ಲಿ ಅತ್ತೆ?" ಎಂದು ಕೇಳಿದೆ.

"ಹುಡುಕಿದ್ದು ಅತ್ತೆ, ಮಾಡಿದ್ದು ಸೊಸೆ ಅಂತ ಹಾಕು."

ಹಾಗೇ ಹಾಕಿದೆ. ಇವತ್ತಿಗೂ ಅದು ಅಲ್ಲಿದೆ, ಜಗತ್ತಿನಲ್ಲಿ ಯಾರು ಬೇಕಾದರೂ ನೋಡಬಹುದು.

"ಸಖತ್ತಾಗಿ ಹಿಡಿದ್ರಿ ಅಜ್ಜಿ! ಇನ್ನೇನಾದ್ರೂ ತಪ್ಪು ಕಾಣ್ಸುತ್ತಾ?" ಎಂದು ಯಾರೋ ಕೇಳಿದರು. ಕೇಳಬಾರದಿತ್ತು. ಫೋನಿನ ಹೆಂಗಸು ನೆಗಡಿಯಾದವಳ ಹಾಗೆ ಮಾತಾಡುತ್ತಾಳೆ. ತಿಥಿ ಎಷ್ಟು ಗಂಟೆಯವರೆಗಿದೆ ಎಂದು ಹೇಳುವುದೇ ಇಲ್ಲ. ಒಂದು ಸಲ ಒತ್ತಿದರೆ ಎರಡು ಸಲ ಹೇಳುತ್ತಾಳೆ. ನೀವು ಕೊಟ್ಟ ಕಾಫಿ ನೀರು. ಮಧ್ಯಾಹ್ನದವರೆಗೂ ಅತ್ತೆ ಹೇಳಿದರು, ಪ್ರತಿಯೊಂದನ್ನೂ ಗುಂಪಿನವರು ಬರೆದುಕೊಂಡರು, ಪ್ರತಿಯೊಂದಕ್ಕೂ ಥ್ಯಾಂಕ್ಸ್ ಹೇಳಿದರು. ಕಾಫಿಯದ್ದನ್ನೂ ಬರೆದುಕೊಂಡರು. ನಾನು ಮೂವತ್ತು ವರ್ಷದಲ್ಲಿ ಅತ್ತೆಗೆ ಒಂದು ಸಲವೂ ಥ್ಯಾಂಕ್ಸ್ ಹೇಳಿರಲಿಲ್ಲ. ನಾಚಿಕೆಯಾಯಿತು, ಹೇಳಿಯೇಬಿಡುತ್ತೇನೆ.

ಮಾರನೆಯ ದಿನದಿಂದ ಸೂರ್ಯ ಸರಿಯಾದ ಹೊತ್ತಿಗೆ ಏಳತೊಡಗಿದ. ಹೋದ ಹೆಸರು ಮಾತ್ರ ಸುಲಭಕ್ಕೆ ಬರುವಂಥದ್ದಲ್ಲ. ಮುಂದಿನ ಏಕಾದಶಿಯ ಹಿಂದಿನ ದಿನ ಅತ್ತೆ ಬೆಳಿಗ್ಗೆಯೇ ತಲೆ ಬಾಚಿಕೊಂಡು ಲ್ಯಾಂಡ್‌ಲೈನಿನ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಆಪ್, ಪಂಚಾಂಗ, ಪೇಪರು, ಮೂರನ್ನೂ ಹಿಡಿದು ತಾಳೆ ನೋಡಿದ್ದೆ, ಮೂರು ಸಲ. ಹನ್ನೊಂದಾಯಿತು, ಫೋನಿಲ್ಲ. ಊಟವಾಯಿತು, ಫೋನಿಲ್ಲ. ಅತ್ತೆ ರಿಸೀವರ್ ಎತ್ತಿ ಟೋನ್ ಬರುತ್ತಿದೆಯೇ ಎಂದು ಕೇಳಿ ಇಟ್ಟರು. ನನ್ನ ಗಂಡ ಅದೇ ಪುಟದಲ್ಲಿದ್ದರು. ನಾನು ಅಡುಗೆಮನೆಯಲ್ಲಿ ನಿಂತು, ಯಾರಾದರೂ ಒಬ್ಬರು ಮಾಡಲಿ ದೇವರೇ, ಒಬ್ಬರೇ ಸಾಕು ಎಂದು ಬೇಡಿಕೊಳ್ಳುತ್ತಿದ್ದೆ.

ನಾಲ್ಕೂವರೆಗೆ ಫೋನು ಬಡಿದುಕೊಂಡಿತು. ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಎರಡನೇ ಕ್ರಾಸಿನವರೇ.

ಅತ್ತೆ ಬಟನ್ ಒತ್ತಿ ಕೇಳಿ, ಗಂಟಲು ಸರಿಮಾಡಿಕೊಂಡು, "ನಾಳೆ" ಎಂದರು. ಆ ಕಡೆಯವರು ಏನೋ ಕೇಳಿದರು. ಏನು ಕೇಳಿರಬಹುದು ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಅತ್ತೆ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದರು.

"ಇಲ್ಲ ಕಣ್ರೀ, ಈ ಸಲ ನನ್ನ ಕಣ್ಣನ್ನ ನಂಬ್ಕೊಂಡು ಹೇಳ್ತಿಲ್ಲ" ಎಂದರು. "ಇದು ನಮ್ಮ ಸೊಸೆ ಮಾಡಿರೋದು. ಅವಳು ಮಾಡಿದ್ದು ಅಂದ್ಮೇಲೆ ಸರಿಯಾಗೇ ಇರತ್ತೆ."

ನಾನು ಬಗ್ಗಿ ಸೌಟು ಎತ್ತಿಕೊಳ್ಳುವ ನೆಪದಲ್ಲಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಸಾರಿನ ವಿಷಯ ಬೇರೆ" ಎನ್ನುತ್ತಿದ್ದರು ಅತ್ತೆ ಫೋನಿನಲ್ಲಿ.